ಪಾಲಿನಿಂದ ಪಾರ್ಸೆಲ್‌ಗೆ: ಮಲೆನಾಡಿನ ಕಾಡುಮಾಂಸದ ಲೆಕ್ಕಾಚಾರ

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹೋಂಸ್ಟೇ ನಡೆಸುವ ಯಾರನ್ನಾದರೂ ಕೇಳಿ. ಕೋಣೆ ಕಾಯ್ದಿರಿಸಲು ಫೋನ್ ಮಾಡುವವರು ಬಾಡಿಗೆ, ಜಲಪಾತ, ಜೀಪು ಎಲ್ಲವನ್ನೂ ವಿಚಾರಿಸಿದ ಮೇಲೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಕಾಡುಹಂದಿ ಸಿಗುತ್ತದೆಯೇ?’ ಬಹುತೇಕ ಮಾಲೀಕರು ಇಲ್ಲ ಎನ್ನುತ್ತಾರೆ. ಕೆಲವರು ‘ಬನ್ನಿ, ನೋಡೋಣ’ ಎನ್ನುತ್ತಾರೆ. ಆ ‘ನೋಡೋಣ’ ಎಂಬ ಮಾತನ್ನು ನಂಬಿ ಬಂದವರ ತಟ್ಟೆಗೆ ಬೀಳುವುದು ಅನೇಕ ಸಲ ಊರ ಹಂದಿಯೇ. ಸ್ವಲ್ಪ ಹೆಚ್ಚು ಮೆಣಸು, ಸ್ವಲ್ಪ ಹೆಚ್ಚು ಕಪ್ಪು ಬಣ್ಣ, ಎರಡು ಪಟ್ಟು ಬೆಲೆ. ಈ ಮೋಸದಿಂದ ಕಾಡಿಗೆ ಒಳ್ಳೆಯದೇ ಆಗಿದೆ ಎಂದು ನಾನು ಅರ್ಧ ಗಂಭೀರವಾಗಿಯೇ ಹೇಳುತ್ತೇನೆ. ತೊಂದರೆ ಇರುವುದು ಮೋಸ ಮಾಡದೆ ನಿಜವಾದ ಕಾಡುಹಂದಿಯನ್ನೇ ತಂದು ಬಡಿಸುವವರಿಂದ.

ಮಾಂಸದ ಕುರಿತು ನಾವು ನಡೆಸುವ ವಾದಗಳು ಸಾಮಾನ್ಯವಾಗಿ ಪ್ರಾಣಿಯ ಹೆಸರಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ಹಸು ತಿನ್ನಬಹುದೇ, ಹಂದಿ ತಿನ್ನಬಹುದೇ, ನಾಯಿ, ಕಪ್ಪೆ, ಇರುವೆ ತಿನ್ನುವವರು ಎಂಥವರು ಎಂಬಲ್ಲಿಗೆ ಚರ್ಚೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಜಾತಿ, ಧರ್ಮ, ಚುನಾವಣೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗಳಿಗೆ ಅಷ್ಟೇನೂ ತೂಕ ಕಾಣುವುದಿಲ್ಲ. ಪ್ರಾಣಿ ಯಾವುದು ಎಂಬುದಕ್ಕಿಂತ ಅದು ಸತ್ತದ್ದು ಹೇಗೆ, ಅದಕ್ಕೆ ಹಣ ಕೊಟ್ಟವರು ಯಾರು, ಅದರ ಸಂತತಿ ಆ ಸಾವನ್ನು ತುಂಬಿಕೊಳ್ಳಬಲ್ಲದೇ ಎಂಬ ವಿಷಯಗಳೇ ಮುಖ್ಯವಾಗುತ್ತವೆ.

ಮೊದಲು ಕಾನೂನನ್ನು ಮುಗಿಸಿಬಿಡೋಣ, ಅದರಲ್ಲಿ ಹೆಚ್ಚು ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿಯಾಯಿತು; 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಚಿಪ್ಪುಹಂದಿ, ಉಡ, ಮೊಲದಷ್ಟೇ ಗಾತ್ರದ ಬರ್ಕ (ಇಲಿಜಿಂಕೆ) ಮೊದಲನೆಯ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಂದದ್ದು ಅಭಯಾರಣ್ಯದ ಒಳಗಾದರೆ ಶಿಕ್ಷೆ ಇನ್ನೂ ಕಠಿಣ. ಕಾಡುಕುರಿ (ಬೊಗಳುವ ಜಿಂಕೆ), ಕಾಡುಮೊಲ, ಮುಳ್ಳುಹಂದಿ ಎಲ್ಲಕ್ಕೂ ರಕ್ಷಣೆಯಿದೆ. ಉರುಳು ಹಾಕುವುದು, ವಿಷವಿಡುವುದು, ಹಿಡಿಯಲು ಪ್ರಯತ್ನಿಸುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಚಾರ್ಮಾಡಿ ಘಾಟಿಯಲ್ಲಿ ಲಾರಿಗೆ ಸಿಕ್ಕಿ ಸತ್ತ ಮೊಲವನ್ನು ಎತ್ತಿಕೊಂಡು ಬಂದು ಸಾರು ಮಾಡಿದರೂ ತಪ್ಪು, ಏಕೆಂದರೆ ಸತ್ತ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಪ್ರವಾಸಿಗರಿಗೆ ಗೊತ್ತಿರಬೇಕಾದದ್ದು 49ನೇ ಕಲಂ: ವನ್ಯಪ್ರಾಣಿಯ ಮಾಂಸವನ್ನು ಅಧಿಕೃತರಲ್ಲದವರಿಂದ ಕೊಳ್ಳುವುದು, ಪಡೆಯುವುದು ಕೂಡ ಅಪರಾಧ. ‘ನಾನು ತಿಂದೆ ಅಷ್ಟೇ, ಹೊಡೆದವನು ಬೇರೆ’ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ.

ಕಾನೂನು ಇಷ್ಟು ಸ್ಪಷ್ಟವಿದ್ದರೂ ಮಲೆನಾಡಿನ ಮನಸ್ಸು ಇದನ್ನು ಅಪರಾಧವೆಂದು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಅದಕ್ಕೆ ಕಾರಣವಿದೆ. ಶಿಕಾರಿ ಇಲ್ಲಿ ಮಾಂಸ ಸಂಪಾದನೆಯ ದಾರಿಯಷ್ಟೇ ಆಗಿರಲಿಲ್ಲ. ಊರು ಒಟ್ಟು ಸೇರುವ ನೆಪವೂ ಆಗಿತ್ತು. ಗದ್ದೆ ಕೆಲಸ ಮುಗಿದ ದಿನಗಳಲ್ಲಿ ಕೇಪಿನ ಕೋವಿ, ತೋಟಾ ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯಲು ನಿಲ್ಲುತ್ತಿದ್ದರು, ಉಳಿದವರು ನಾಯಿಗಳೊಂದಿಗೆ ಕಾಡು ಸೋವಿ ಪ್ರಾಣಿಗಳನ್ನು ಅತ್ತ ಅಟ್ಟುತ್ತಿದ್ದರು. ಹಂದಿ ಬಿದ್ದರೆ ಅಲ್ಲೇ ಹುಲ್ಲಿನ ಬೆಂಕಿಯಲ್ಲಿ ಕೂದಲು ಸುಟ್ಟು, ಮುತ್ತುಗದ ಎಲೆಯೋ ಬಾಳೆ ಎಲೆಯೋ ಹಾಸಿ ಪಾಲು ಹಾಕುತ್ತಿದ್ದರು. ಗುಂಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ನಾಯಿ ತಂದವನಿಗೆ ನಾಯಿಯ ಲೆಕ್ಕದಲ್ಲಿ ಒಂದಿಷ್ಟು, ಸೋವಿದ ಹುಡುಗರಿಗೂ ಸಮಪಾಲು. ಮನೆಗೆ ಬಂದ ಮಾಂಸ ಅಂದಿನ ಕಡುಬಿಗೆ ಸಾರಾಗಿ ಮುಗಿಯುತ್ತಿತ್ತು. ಉಳಿದದ್ದಕ್ಕೆ ಉಪ್ಪು, ಅರಿಸಿನ ಸವರಿ ಒಲೆಯ ಮೇಲೆ ನೇತುಹಾಕಿ ಉಪ್ಪುಕಂಡ ಮಾಡುತ್ತಿದ್ದರು. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನ ಅದನ್ನು ಕೆಂಡದ ಮೇಲೆ ಸುಟ್ಟು ಜಜ್ಜಿದರೆ ಅರ್ಧ ಗಂಜಿ ಖಾಲಿಯಾಗುತ್ತಿತ್ತು.

ಇದನ್ನೆಲ್ಲ ನೆನೆದು ಹಿಂದಿನವರು ಪ್ರಕೃತಿಯೊಂದಿಗೆ ಹೊಂದಿಕೊಂಡು ಬಾಳಿದರು ಎಂದು ಹಾಡಿ ಹೊಗಳುವ ಅಗತ್ಯವಿಲ್ಲ. ಅವರೂ ಸಿಕ್ಕಿದ್ದನ್ನು ಹೊಡೆದರು. ಬಸುರಿ ಹಂದಿ, ಮರಿಯಿದ್ದ ಕಾಡುಕುರಿ ಎಂದು ನೋಡಿ ಬಿಟ್ಟವರಿಗಿಂತ ಬಿಡದವರೇ ಹೆಚ್ಚಿದ್ದರು. ತೋಟದ ಬಿಳಿಯ ದೊರೆಗಳೂ ಅವರ ನಂತರ ಬಂದ ನಮ್ಮ ದೊರೆಗಳೂ ಬೈಠಕ್‌ಖಾನೆಯ ಗೋಡೆಗೆ ತಲೆಗಳನ್ನು ಮೊಳೆ ಹೊಡೆದು ನಿಲ್ಲಿಸಿದರು. ಆದರೆ ಆ ಬೇಟೆಗೆ ಯಾರೂ ಯೋಚಿಸಿ ಹಾಕಿರದ ಒಂದು ಮಿತಿಯಿತ್ತು. ಫ್ರಿಜ್ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಊರಿಗೆ ಸಾಕಾಗುವಷ್ಟು ಸಿಕ್ಕಿದ ಮೇಲೆ ಇನ್ನೊಂದು ಹಂದಿ ಹೊಡೆದು ಪ್ರಯೋಜನವಿರಲಿಲ್ಲ. ಪಾಲಿಗೆ ಹೊಟ್ಟೆಯಷ್ಟೇ ಗಡಿ. ಮಾರಾಟಕ್ಕೆ ಅಂಥ ಗಡಿಯಿಲ್ಲ.

ಈಗ ಆ ಮಿತಿ ಹೋಗಿದೆ. ರಸ್ತೆ ಬಂದಿದೆ, ಫ್ರೀಜರ್ ಬಂದಿದೆ, ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಬರುತ್ತದೆ, ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಟ ಕಾರುಗಳು ರಾತ್ರಿ ಊಟದ ಹೊತ್ತಿಗೆ ತೋಟದ ಅಂಗಳದಲ್ಲಿ ನಿಂತಿರುತ್ತವೆ. ಮಾಂಸಕ್ಕೆ ಬೆಲೆ ಬಂದೊಡನೆ ಬೇಟೆಯ ವಿಧಾನವೂ ಬದಲಾಗಿದೆ, ಮತ್ತು ಈ ಇಡೀ ವಿಷಯದ ನೈತಿಕ ತಿರುಳು ಇರುವುದು ಇಲ್ಲೇ ಎಂದು ನನ್ನ ಅನಿಸಿಕೆ. ಕೋವಿಯ ಸದ್ದು ಕೇಳಿಸುತ್ತದೆ, ಅದಕ್ಕೆ ಪರವಾನಗಿ ಬೇಕು, ರಾತ್ರಿಯಿಡೀ ನಿದ್ದೆಗೆಡಬೇಕು. ಉರುಳಿಗೆ ಇದ್ಯಾವುದೂ ಬೇಡ. ಬೈಕಿನ ಹಳೆಯ ಕ್ಲಚ್ ತಂತಿ, ಬ್ರೇಕ್ ತಂತಿ ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆ. ಶುಂಠಿ ಹೊಲದ ಬೇಲಿಯಲ್ಲಿ ಹಂದಿ ನುಸುಳುವ ಕಂಡಿ ನೋಡಿ, ಅದರ ತಲೆಯ ಎತ್ತರಕ್ಕೆ ತಂತಿಯ ಕುಣಿಕೆ ತೂಗಿಬಿಟ್ಟು, ಇನ್ನೊಂದು ತುದಿಯನ್ನು ಗಟ್ಟಿ ಗೂಟಕ್ಕೋ ಬಾಗಿಸಿದ ಎಳೆಮರಕ್ಕೋ ಕಟ್ಟಿದರೆ ಮುಗಿಯಿತು. ಮನೆಗೆ ಹೋಗಿ ಮಲಗಬಹುದು.

ಉರುಳಿಗೆ ಕಣ್ಣಿಲ್ಲ. ಹಂದಿಗೆಂದು ಹಾಕಿದ ಕುಣಿಕೆಗೆ ಚಿರತೆಯೂ ಬೀಳುತ್ತದೆ, ಕರಡಿಯೂ ಬೀಳುತ್ತದೆ, ಒಮ್ಮೊಮ್ಮೆ ಹುಲಿಯೂ. ತಂತಿ ಚಿರತೆಯ ಕುತ್ತಿಗೆಗೆ ಸಿಗುವುದು ಕಡಿಮೆ. ತಲೆ, ಮುಂಗಾಲು ತೂರಿ ದಾಟಿದ ಮೇಲೆ ಸೊಂಟಕ್ಕೆ ಬಿಗಿಯುತ್ತದೆ. ಎಳೆದಷ್ಟೂ ಹೊಟ್ಟೆಯನ್ನು ಕೊಯ್ಯುತ್ತದೆ. ಅರಣ್ಯ ಇಲಾಖೆಯವರು, ಪಶುವೈದ್ಯರು ಬರುವಷ್ಟರಲ್ಲಿ ಬೆಳಗಾಗಿರುತ್ತದೆ, ನೂರಾರು ಜನ ಮೊಬೈಲ್ ಹಿಡಿದು ಸುತ್ತ ನಿಂತಿರುತ್ತಾರೆ. ಅರಿವಳಿಕೆ ಚುಚ್ಚಿ ಬಿಡಿಸಿದರೂ ಒಳಗಿನ ಗಾಯದಿಂದ ಆಮೇಲೆ ಸಾಯುವ ಪ್ರಾಣಿಗಳುಂಟು. ಹೋಂಸ್ಟೇಯಲ್ಲಿ ಒಂದು ಪ್ಲೇಟ್ ‘ಸ್ಪೆಷಲ್’ ಕೇಳುವವರ ಬಿಲ್ಲಿನಲ್ಲಿ ಈ ಚಿರತೆಯ ಲೆಕ್ಕ ಸೇರಿರುವುದಿಲ್ಲ.

ಉರುಳಿಗಿಂತ ಹೇಯವಾದದ್ದು ಸಿಡಿಮದ್ದಿನ ಉಂಡೆ. ಹಿಟ್ಟು, ಕೊಬ್ಬು, ಒಣಮೀನು ಸವರಿದ ಮದ್ದಿನ ಗುಂಡನ್ನು ಹಂದಿ ಓಡಾಡುವ ದಾರಿಯಲ್ಲಿಡುತ್ತಾರೆ. ಕಚ್ಚಿದೊಡನೆ ದವಡೆ ಛಿದ್ರ. ಬಾಯಿ ಸಿಡಿದ ಹಂದಿ ತಕ್ಷಣ ಸಾಯುವುದಿಲ್ಲ, ಕಾಡಿನೊಳಕ್ಕೆ ಓಡುತ್ತದೆ, ಹಿಂಬಾಲಿಸಿ ಹೋದವರಿಗೆ ಸಿಕ್ಕರೆ ಸಿಕ್ಕಿತು. ಮೇಯಲು ಬಿಟ್ಟ ದನಗಳು, ತೋಟದ ನಾಯಿಗಳು ಇದೇ ಉಂಡೆ ಕಚ್ಚಿ ಬಾಯಿ ಕಳೆದುಕೊಂಡದ್ದನ್ನು ಕಾಡಂಚಿನ ಊರುಗಳವರು ಬಲ್ಲರು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ತುಂಬಿದ ಹಣ್ಣು ಕಚ್ಚಿ, ಉರಿ ತಾಳಲಾರದೆ ವೆಳ್ಳಿಯಾರ್ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ದೇಶವೆಲ್ಲ ಕಣ್ಣೀರಿಟ್ಟಿತು. ಅಂಥ ಮದ್ದನ್ನು ಮುಖ್ಯವಾಗಿ ಇಡುವುದು ಕಾಡುಹಂದಿಗೆ ಎಂಬ ಸಂಗತಿಯನ್ನು ಆ ಕಣ್ಣೀರಿನ ನಡುವೆ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಪ್ರಾಣಿಗಳ ಸಂತಾನದ ಲೆಕ್ಕಕ್ಕೆ ಬಂದರೆ ಕಾಡಿನ ಮಾಂಸವೆಲ್ಲ ಒಂದೇ ಅಲ್ಲ. ಕಾಡುಹಂದಿ ನಾಲ್ಕು ತಿಂಗಳಿಗಿಂತ ಕಡಿಮೆ ಅವಧಿಯ ಗರ್ಭ ಧರಿಸಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಆ ಮರಿಗಳು ಒಂದೆರಡು ವರ್ಷದಲ್ಲಿ ತಾವೇ ಮರಿ ಹಾಕುವಷ್ಟಾಗುತ್ತವೆ. ಗೆಡ್ಡೆ, ಹುಳು, ಭತ್ತ, ಶುಂಠಿ, ಹಲಸು, ಏನು ಸಿಕ್ಕರೂ ತಿಂದು ಬದುಕುತ್ತದೆ. ಇದರ ತದ್ವಿರುದ್ಧ ಚಿಪ್ಪುಹಂದಿ. ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ. ಇರುವೆ, ಗೆದ್ದಲು ಬಿಟ್ಟರೆ ಬೇರೆ ಆಹಾರವಿಲ್ಲ. ಅಪಾಯ ಕಂಡರೆ ಓಡುವ ಬದಲು ಚೆಂಡಿನಂತೆ ಸುತ್ತಿಕೊಳ್ಳುತ್ತದೆ; ಹುಲಿಯ ಹಲ್ಲಿಗೂ ಜಗ್ಗದ ಆ ಚೆಂಡನ್ನು ಮನುಷ್ಯ ಚೀಲಕ್ಕೆ ಹಾಕಿಕೊಂಡು ನಡೆಯುತ್ತಾನೆ. ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮಾವೇಶ ನಿಷೇಧಿಸಿತು. ಮಾಂಸಕ್ಕೆಂದು ಹಿಡಿದವನೂ ಅದರ ಚಿಪ್ಪನ್ನು ಎಸೆಯುವುದಿಲ್ಲ, ಏಕೆಂದರೆ ಚಿಪ್ಪಿನ ಬೆಲೆ ಮಾಂಸವನ್ನು ಮೀರಿದ್ದು. ಇದನ್ನು ತಿನ್ನುವುದಕ್ಕೆ ನನಗೆ ಯಾವ ಸಮರ್ಥನೆಯೂ ಹೊಳೆಯುವುದಿಲ್ಲ. ಸಂಪ್ರದಾಯವೂ ಇಲ್ಲ, ಹಸಿವೂ ಇಲ್ಲ, ಹೇಳಿಕೊಳ್ಳುವ ರುಚಿಯೂ ಇಲ್ಲವೆಂದು ತಿಂದವರೇ ಹೇಳುತ್ತಾರೆ.

ಹಾಗಾದರೆ ಬೇಗ ಬೇಗ ಹೆಚ್ಚುವ ಕಾಡುಹಂದಿಯನ್ನು ತಿಂದರೇನು? ಅಷ್ಟು ಸಲೀಸಲ್ಲ. ನಮ್ಮ ಪಾಲಿಗೆ ಅದು ವಿಶೇಷ ಊಟ, ಭದ್ರಾ ಕಾಡಿನ ಹುಲಿಗೆ ದಿನದ ಅನ್ನ. ನಾಗರಹೊಳೆ, ಭದ್ರಾದಲ್ಲಿ ದಶಕಗಳ ಕಾಲ ಹುಲಿ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಮತ್ತೆ ಮತ್ತೆ ಹೇಳಿದ ಲೆಕ್ಕವೊಂದಿದೆ: ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು, ಹಾಗೆ ಸಿಗುತ್ತಿರಬೇಕಾದರೆ ಆ ಕಾಡಿನಲ್ಲಿ ಸುಮಾರು 500 ಅಂಥ ಪ್ರಾಣಿಗಳಿರಬೇಕು. ಹುಲಿಯನ್ನು ಕೊಲ್ಲಲು ಹುಲಿಗೇ ಗುಂಡು ಹೊಡೆಯಬೇಕೆಂದಿಲ್ಲ. ಅದರ ಊಟವನ್ನು ನಾವು ಉಂಡರೆ ಸಾಕು. ಬೇಟೆ ಬರಿದಾದ ಕಾಡಂಚಿನ ಚಿರತೆ ಕೊಟ್ಟಿಗೆಯ ಕರುವಿಗೆ, ಅಂಗಳದ ನಾಯಿಗೆ ಬರುತ್ತದೆ. ಆಗ ಬೋನು ಇಡಿ ಎಂದು ಅದೇ ಊರಿನವರು ಅರಣ್ಯ ಇಲಾಖೆಯ ಕಚೇರಿ ಮುಂದೆ ಧರಣಿ ಕೂರುತ್ತಾರೆ.

ಇಷ್ಟು ಹೇಳಿ ರೈತನ ಕಡೆ ನೋಡದೆ ಹೋದರೆ ಅದು ಪೇಟೆಯ ಪರಿಸರವಾದ. ತೆನೆ ಹಾಲು ತುಂಬಿದ ಭತ್ತದ ಗದ್ದೆಗೆ ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ಆಲೂರು, ಸಕಲೇಶಪುರದ ಕಡೆ ಮೊದಲೇ ಆನೆಯ ಕಾಟ. ಆನೆ ಉಳಿಸಿದ್ದನ್ನು ಹಂದಿ, ಹಂದಿ ಉಳಿಸಿದ್ದನ್ನು ಮಂಗ. ಭತ್ತ ಬಿಟ್ಟು ಅಡಿಕೆ ಹಾಕಿದವರಲ್ಲಿ ಅನೇಕರು ಕಾರಣ ಕೇಳಿದರೆ ಮೊದಲು ಹೇಳುವುದು ಕೂಲಿಯ ಸಮಸ್ಯೆ, ಎರಡನೆಯದು ಹಂದಿ. ಕಾಯ್ದೆ ಇದನ್ನು ಮರೆತಿಲ್ಲ. ಎರಡನೆಯ ಅನುಸೂಚಿಯ ಪ್ರಾಣಿ ಜೀವಕ್ಕೋ ಬೆಳೆಗೋ ಅಪಾಯ ತಂದರೆ ಅದನ್ನು ಕೊಲ್ಲಲು 11ನೇ ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಅನುಮತಿ ಕೊಡಬಹುದು. ಆದರೆ ಅರ್ಜಿ ಮೇಜಿನಿಂದ ಮೇಜಿಗೆ ಸಾಗಿ ಉತ್ತರ ಬರುವಷ್ಟರಲ್ಲಿ ಗದ್ದೆ ಕೊಯ್ಲಾಗಿರುತ್ತದೆ. ಹಾಗಾಗಿ ರೈತ ಅರ್ಜಿ ಬರೆಯುವ ಬದಲು ತಂತಿ ಕಟ್ಟುತ್ತಾನೆ. ಬೆಳೆ ರಕ್ಷಣೆಗೆ ಕಟ್ಟಿದ ತಂತಿಯಲ್ಲಿ ಹಂದಿ ಸಿಕ್ಕ ಮೇಲೆ ಅದಕ್ಕೆ ಗಿರಾಕಿ ತಾನಾಗಿ ಹುಟ್ಟಿಕೊಳ್ಳುತ್ತಾನೆ. ಮರುವರ್ಷ ಹೊಲ ಪಾಳು ಬಿದ್ದಿದ್ದರೂ ಬೇಲಿಯಲ್ಲಿ ತಂತಿ ಇರುತ್ತದೆ.

ಕೇರಳ 2022ರ ಮೇ ತಿಂಗಳಲ್ಲಿ ಬೇರೆ ದಾರಿ ಹಿಡಿಯಿತು. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಪರವಾನಗಿಯುಳ್ಳ ಕೋವಿಯಿಂದ ಹೊಡೆಯಬೇಕು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಬಳಸುವಂತಿಲ್ಲ. ಹೊಡೆದ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ. ಈ ಕೊನೆಯ ಷರತ್ತಿನ ಬಗ್ಗೆ ಅಲ್ಲಿನ ರೈತರಿಗಷ್ಟೇ ಅಲ್ಲ, ಇಲ್ಲಿ ಅದನ್ನು ಪತ್ರಿಕೆಯಲ್ಲಿ ಓದಿದವರಿಗೂ ನಗು ಬರುತ್ತದೆ. ಎಂಬತ್ತು ಕೆಜಿ ಮಾಂಸವನ್ನು ಗುಂಡಿಗೆ ಹಾಕಿ, ಮನೆಗೆ ಬಂದು ಬ್ರಾಯ್ಲರ್ ಕೋಳಿ ತರಿಸುವುದು ಯಾವ ನ್ಯಾಯ? ಜರ್ಮನಿಯಲ್ಲಿ ಪ್ರತಿವರ್ಷ ಲಕ್ಷಗಟ್ಟಲೆ ಕಾಡುಹಂದಿಗಳನ್ನು ಹೊಡೆಯುತ್ತಾರೆ, ಮಾಂಸ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ.

ನನಗೂ ಅದು ವ್ಯರ್ಥವೆಂದೇ ಕಾಣುತ್ತದೆ. ಆದರೂ ಹೂಳುವ ನಿಯಮ ಸದ್ಯಕ್ಕೆ ಸರಿ ಎಂಬ ಕಡೆಗೇ ನನ್ನ ಒಲವು. ಜರ್ಮನಿಯಲ್ಲಿ ಬೇಟೆಗಾರ ಪರೀಕ್ಷೆ ಬರೆದು ಪರವಾನಗಿ ಪಡೆಯುತ್ತಾನೆ. ಹೊಡೆದ ಪ್ರತಿ ಹಂದಿಯ ಮಾಂಸದ ತುಣುಕನ್ನು ಟ್ರೈಕಿನೆಲ್ಲಾ ಹುಳುವಿಗಾಗಿ ಪರೀಕ್ಷಿಸುತ್ತಾರೆ. ಬವೇರಿಯಾದ ಹಂದಿಗಳನ್ನು ವಿಕಿರಣಕ್ಕೂ ಪರೀಕ್ಷಿಸುತ್ತಾರೆ. 1986ರ ಚೆರ್ನೋಬಿಲ್ ದುರಂತದಲ್ಲಿ ಬಿದ್ದ ಸೀಸಿಯಂ ಅಲ್ಲಿನ ಮಣ್ಣಿನಡಿಯ ಅಣಬೆಗಳಲ್ಲಿ ಇನ್ನೂ ಇದೆ, ಅದನ್ನು ಅಗೆದು ತಿನ್ನುವ ಹಂದಿಯ ಮೈಯಲ್ಲೂ ಇದೆ. ಇಷ್ಟೆಲ್ಲ ವ್ಯವಸ್ಥೆಯ ಮೇಲೆ ನಿಂತ ಮಾರುಕಟ್ಟೆ ಅದು. ನಮ್ಮಲ್ಲಿ ಊರ ಹಂದಿಯ ಮಾಂಸಕ್ಕೇ ನೆಟ್ಟಗೆ ತಪಾಸಣೆಯಿಲ್ಲ. ಕಾಡುಹಂದಿಯೂ ಊರ ಹಂದಿಯೂ ಒಂದೇ ಪ್ರಭೇದ; 2020ರಲ್ಲಿ ಈಶಾನ್ಯ ಭಾರತದ ಮೂಲಕ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಎರಡಕ್ಕೂ ಮಾರಕ. ಇಂಥಲ್ಲಿ ‘ಕಾನೂನುಬದ್ಧ ಕಾಡುಮಾಂಸ’ ಎಂಬ ಫಲಕ ಹಾಕಿದರೆ, ಗದ್ದೆಯಲ್ಲಿ ಹೊಡೆದದ್ದು ಯಾವುದು, ಭದ್ರಾ ಅಭಯಾರಣ್ಯದೊಳಗೆ ಉರುಳಿಗೆ ಬಿದ್ದದ್ದು ಯಾವುದು ಎಂದು ಬೇಯಿಸಿದ ಮೇಲೆ ಹೇಳುವವರು ಯಾರು? ಹೊಡೆಯುವ ಅನುಮತಿ ರೈತನಿಗೆ ಬೇಗ ಸಿಗಬೇಕು, ಮಾಂಸಕ್ಕೆ ಮಾತ್ರ ಬೆಲೆ ಬರಬಾರದು. ಇವೆರಡೂ ಒಟ್ಟಿಗೆ ಬೇಕು ಎಂದರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ, ಬರಲಿ.

ಇನ್ನು ಬೇಟೆಯಲ್ಲಿ ಸಿಕ್ಕಿಬೀಳುವವರು ಯಾರು ಎಂಬುದನ್ನೂ ನೋಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ಬಹುಪಾಲು ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಂಡಿತು, ಬೇಟೆಯನ್ನು ಮಾತ್ರ ಹೆಸರಿಟ್ಟು ಹೊರಗಿಟ್ಟಿತು. ನಿಯಮ ಎಲ್ಲರಿಗೂ ಒಂದೇ. ಆದರೆ ಮೊಲಕ್ಕೆ ಬಲೆ ಹಾಕಿದ ಮಲೆಕುಡಿಯರ ಹುಡುಗ ಪತ್ರಿಕೆಯ ಒಳಪುಟದ ಫೋಟೋದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ಮಾಂಸ ತರಿಸಿಕೊಂಡು ಉಂಡ ಬಂಗಲೆಯ ಅತಿಥಿ ಯಾವ ಫೋಟೋದಲ್ಲೂ ಇರುವುದಿಲ್ಲ. 49ನೇ ಕಲಂ ಇರುವುದು ಆ ಅತಿಥಿಗಾಗಿ, ಅದು ಬಳಕೆಯಾದದ್ದು ಕಡಿಮೆ.

ಕಾಡಿನಿಂದ ಬಂದದ್ದೆಲ್ಲ ಪಾಪದ ಊಟವೆಂದು ಯಾರೂ ತಿಳಿಯಬಾರದು. ಚಗಳಿ ಚಟ್ನಿಯನ್ನೇ ನೋಡಿ. ಎಲೆಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದು ಗೂಡು ಕಟ್ಟುವ ಈ ಕೆಂಪು ಇರುವೆಯ ಹೆಸರೆತ್ತಿದರೆ ಕಾಫಿ ಕೊಯ್ಯುವ ಹೆಂಗಸರು ಕುತ್ತಿಗೆ ಸವರಿಕೊಳ್ಳುತ್ತಾರೆ. ಗೂಡಿರುವ ರೆಂಬೆಯನ್ನು ಕತ್ತರಿಸಿ ನೀರಿನ ಪಾತ್ರೆಗೆ ಕೊಡವಿ, ಎಲೆಚೂರು ಆರಿಸಿ, ಇರುವೆಗಳನ್ನೂ ಮೊಟ್ಟೆಗಳನ್ನೂ ಬಾಣಲೆಯಲ್ಲಿ ಹುರಿದು, ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಕಾಯಿ ಹಾಕಿ ಒರಳಲ್ಲಿ ಅರೆದರೆ ಹುಣಿಸೆ ಬೇಡುವುದಿಲ್ಲ. ಹುಳಿ ಇರುವೆಯ ಮೈಯಲ್ಲೇ ಇದೆ. ಮಲೆನಾಡಿಗರು ಇದನ್ನು ಪೇಟೆಯ ನೆಂಟರ ಮುಂದೆ ಮುಚ್ಚಿಟ್ಟದ್ದೇ ಹೆಚ್ಚು. ಅತ್ತ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯವರು ಇದೇ ಇರುವೆಯ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚ್ಯಂಕ ಪಡೆದುಕೊಂಡರು. ಒಂದು ಕುಟುಂಬದ ಚಗಳಿಗಳು ಹಲವು ಮರಗಳಲ್ಲಿ ಹತ್ತಾರು ಗೂಡು ಕಟ್ಟಿಕೊಂಡಿರುತ್ತವೆ, ರಾಣಿ ಯಾವುದೋ ಒಂದರಲ್ಲಿರುತ್ತದೆ. ಒಂದೆರಡು ಗೂಡು ತೆಗೆದರೆ ಅವು ಮತ್ತೆ ಕಟ್ಟಿಕೊಳ್ಳುತ್ತವೆ. ನೋಡಲು ಹೇಸಿಗೆ ಎನಿಸುವ ಈ ತಿನಿಸು ಲೆಕ್ಕ ಹಾಕಿದರೆ ನಮ್ಮ ಅಡುಗೆಮನೆಯ ಅತ್ಯಂತ ನಿರಪಾಯಕಾರಿ ಮಾಂಸಾಹಾರಗಳಲ್ಲಿ ಒಂದು.

ಗದ್ದೆ ಏಡಿಯ ಕಥೆ ಬೇರೆ ರೀತಿಯದು. ಮಳೆ ಹಿಡಿದ ಮೇಲೆ ಅಂಚಿನ ಬಿಲಕ್ಕೆ ಕೈ ಹಾಕಿ ಹಿಡಿದು, ಕಾಲುಗಳನ್ನು ಜಜ್ಜಿ ರಸ ತೆಗೆದು ಮಾಡುವ ಸಾರಿಗೆ ಸಮನಾದದ್ದು ಇನ್ನೊಂದಿಲ್ಲ. ಶೀತಕ್ಕೆ ಅದೇ ಮದ್ದು ಎನ್ನುವವರೂ ಇದ್ದಾರೆ. ಹೆಣ್ಣು ಏಡಿ ಮೊಟ್ಟೆಯನ್ನೂ ಮರಿಯನ್ನೂ ಹೊಟ್ಟೆಯಡಿಯ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಬಲ್ಲವರು ಆ ಮುಚ್ಚಳ ಎತ್ತಿ ನೋಡಿ, ಒಳಗೆ ಸಾಸಿವೆಯಂಥ ಮರಿಗಳಿದ್ದರೆ ಅಲ್ಲೇ ಬಿಡುತ್ತಾರೆ. ಈಗ ಏಡಿ ಸಿಗುವುದಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ. ತಿಂದು ಮುಗಿಸಿದರೇ? ತಲೆಮಾರುಗಳ ಕಾಲ ತಿಂದಾಗಲೂ ಅದು ಮುಗಿದಿರಲಿಲ್ಲ. ಗದ್ದೆಯೇ ಹೋಯಿತು. ನೀರು ನಿಲ್ಲುತ್ತಿದ್ದ ಜಾಗದಲ್ಲಿ ಬಸಿಗಾಲುವೆ ತೆಗೆದು ಅಡಿಕೆ ಹಾಕಿದರು, ಗುತ್ತಿಗೆಗೆ ಕೊಟ್ಟು ಶುಂಠಿ ಹಾಕಿಸಿದರು. ಶುಂಠಿಗೆ ಸುರಿದ ಕೀಟನಾಶಕ, ಕಳೆನಾಶಕ ಮಳೆಯಲ್ಲಿ ತೊಳೆದು ಉಳಿದ ಗದ್ದೆಗಳ ಬಿಲಗಳಿಗೆ ಇಳಿಯಿತು. ಏಡಿ ತಿನ್ನದ ಶುದ್ಧ ಸಸ್ಯಾಹಾರಿಯ ಶುಂಠಿ ಹೊಲ ಏಡಿ ತಿನ್ನುವವನ ಒಲೆಗಿಂತ ಹೆಚ್ಚು ಏಡಿ ಕೊಂದಿದೆ. ಸುಸ್ಥಿರತೆಯ ಚರ್ಚೆಯಲ್ಲಿ ನಾವು ತಟ್ಟೆಯನ್ನಷ್ಟೇ ನೋಡಿ ತಪ್ಪುವುದು ಇಲ್ಲಿ.

ಹತ್ತುಮೀನಿನದೂ ಅರ್ಧ ಇದೇ ಕಥೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಹತ್ತಿ ಬರುವ ಮೀನುಗಳನ್ನು ರಾತ್ರಿ ಬೆಳಕು ಹಿಡಿದು ಕತ್ತಿಯಲ್ಲಿ ಕಡಿಯುವುದು, ಕೂಳಿ ಎಂಬ ಬುಟ್ಟಿಬಲೆ ಒಡ್ಡಿ ಹಿಡಿಯುವುದು ಮಲೆನಾಡಿನ ಹಬ್ಬ. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದು ಬಿತ್ತನೆ ಬೀಜ ಉಂಡಂತೆ, ಅದನ್ನು ಒಪ್ಪಬೇಕು. ಆದರೆ ಕೂಳಿಗೆ ಸಿಗದೆ ತಪ್ಪಿಸಿಕೊಂಡ ಮೀನಿಗೂ ಈಗ ಹತ್ತಲು ದಾರಿಯಿಲ್ಲ. ಅಡ್ಡಕ್ಕೆ ಕಿರು ಜಲವಿದ್ಯುತ್ ಘಟಕದ ಒಡ್ಡು, ಇನ್ನೊಂದು ಕಡೆ ಎತ್ತಿನಹೊಳೆಯ ಅಣೆಕಟ್ಟೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಕೊಟ್ಟಾಗ ಮೀನಿನ ಮಾತು ಯಾವ ಭಾಷಣದ ತಲೆಬರಹವೂ ಆಗಲಿಲ್ಲ. ಇದರ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯುವವರು, ತೋಟೆ ಸಿಡಿಸುವವರು. ಬೇಸಿಗೆಯ ಒಂದು ಗುಂಡಿಗೆ ಒಂದು ತೋಟೆ ಹಾಕಿದರೆ ತೇಲಿ ಬಂದ ನಾಲ್ಕು ದೊಡ್ಡ ಮೀನು ಮನೆಗೆ ಹೋಗುತ್ತವೆ, ಮರಿ, ಮೊಟ್ಟೆ, ಸೀಗಡಿ ಎಲ್ಲ ತಳ ಸೇರುತ್ತವೆ. ಇದೇ ಮಲೆನಾಡಿನ ತುಂಗಾ ನದಿಯಲ್ಲಿ ಶೃಂಗೇರಿಯ ಮೆಟ್ಟಿಲುಗಳ ಬಳಿ ಮಹಶೀರ್ ಮೀನುಗಳು ಭಕ್ತರು ಎಸೆದ ಮಂಡಕ್ಕಿಗೆ ಬಾಯಿ ತೆರೆದು ಮೈಮೇಲೆ ಮೈ ಬಿದ್ದು ಬರುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೂ ದೇವರ ರಕ್ಷಣೆಯಿದೆ. ದೇವಸ್ಥಾನದ ಗಡಿ ದಾಟಿದರೆ ಅದೇ ಮೀನು ಕ್ಷಣದಲ್ಲಿ ಫ್ರೈ. ಬೇಟೆ ನಿಷೇಧಿತ ವಲಯವನ್ನು ನಮ್ಮವರು ಕಾಯ್ದೆ ಬರುವ ಬಹಳ ಹಿಂದೆಯೇ ಅರಿತಿದ್ದರು, ಕೆಲವೇ ಫರ್ಲಾಂಗಿನ ಮಟ್ಟಿಗೆ.

ಹಿಂಸೆಯ ಪ್ರಶ್ನೆ ಎತ್ತುವವರು ಊರಿನ ಮಾಂಸದ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಕಾಡಿನಲ್ಲಿ ಮೂರು ವರ್ಷ ಇಷ್ಟ ಬಂದಂತೆ ಅಗೆದು, ಹೊರಳಿ, ಕೋವಿಯ ಒಂದೇ ಗುಂಡೇಟಿಗೆ ಬಿದ್ದ ಹಂದಿಯ ಬಾಳು, ಎದ್ದು ನಿಲ್ಲಲಾರದಷ್ಟು ಬೇಗ ಮೈತುಂಬಿಸಿಕೊಂಡು ನಲವತ್ತು ದಿನದ ಆಸುಪಾಸಿನಲ್ಲಿ ಲಾರಿ ಹತ್ತುವ ಬ್ರಾಯ್ಲರ್ ಕೋಳಿಯ ಬಾಳಿಗಿಂತ ಮೇಲು. ಕೋಳಿಗಳ ಪಂಜರ, ಸಾಗಣೆಯ ಬಗ್ಗೆ ಭಾರತದ ಕಾನೂನು ಆಯೋಗ 2017ರಲ್ಲೇ ತನ್ನ 269ನೇ ವರದಿ ಕೊಟ್ಟಿದೆ. ಬಾತುಕೋಳಿಯ ಗಂಟಲಿಗೆ ಕೊಳವೆ ತೂರಿ ತಿನ್ನಿಸಿ ಊದಿಸಿದ ಯಕೃತ್ತು, ಅಂದರೆ ಫ್ವಾ ಗ್ರಾ, ನಮ್ಮ ದೇಶಕ್ಕೆ ಬರದಂತೆ 2014ರಲ್ಲಿ ಆಮದು ನಿಷೇಧವಾಯಿತು. ಅದನ್ನು ತಿನ್ನುತ್ತಿದ್ದವರು ಬೆರಳೆಣಿಕೆಯಷ್ಟು, ಹಾಗಾಗಿ ನಿಷೇಧಕ್ಕೆ ಯಾರೂ ಅಡ್ಡ ಬರಲಿಲ್ಲ. ನಾಗಾಲ್ಯಾಂಡ್ 2020ರಲ್ಲಿ ನಾಯಿ ಮಾಂಸ ಮಾರಾಟ ನಿಷೇಧಿಸಿದಾಗ ಮಾತ್ರ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು, 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶವನ್ನು ರದ್ದುಮಾಡಿತು. ಬಹುಸಂಖ್ಯಾತರ ಹೇಸಿಗೆಯನ್ನೇ ನೀತಿ ಎಂದು ಮಾರಲು ಹೊರಟರೆ ಹೀಗಾಗುತ್ತದೆ.

ಅದೇ ನಾಗಾಲ್ಯಾಂಡಿನ ಇನ್ನೊಂದು ಪ್ರಸಂಗ ನಮ್ಮ ಜಿಲ್ಲೆಗಳಿಗೆ ಹೆಚ್ಚು ಹತ್ತಿರದ್ದು. ಸೈಬೀರಿಯಾದ ಕಡೆಯಿಂದ ಆಫ್ರಿಕಾಕ್ಕೆ ಹಾರುವ ಅಮೂರ್ ಫಾಲ್ಕನ್ ಹಕ್ಕಿಗಳು ಶರತ್ಕಾಲದಲ್ಲಿ ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಇಳಿಯುತ್ತವೆ. ಜಲಾಶಯದಲ್ಲಿ ಹೊಲ ಮುಳುಗಿಸಿಕೊಂಡ ಜನ ಮೀನುಗಾರರಾಗಿದ್ದರು; ಮೀನಿನ ಬಲೆಯನ್ನೇ ಮರದಿಂದ ಮರಕ್ಕೆ ಕಟ್ಟಿ ಹಕ್ಕಿ ಹಿಡಿದು ಮಾರತೊಡಗಿದರು. 2012ರಲ್ಲಿ ಅದರ ಚಿತ್ರಗಳು ಹೊರಬಂದವು. ಒಂದೇ ಋತುವಿನಲ್ಲಿ ಲಕ್ಷಕ್ಕೂ ಮೀರಿ ಸತ್ತಿವೆಯೆಂದು ಅಂದಾಜಾಯಿತು. ಮರುವರ್ಷ ಅಲ್ಲಿ ಬಲೆಗಳು ಏಳಲಿಲ್ಲ. ಪೊಲೀಸರು ಬಂದು ಹಿಡಿದದ್ದಕ್ಕಿಂತ ಪಾಂಗ್ತಿ ಮತ್ತು ಅಕ್ಕಪಕ್ಕದ ಗ್ರಾಮ ಮಂಡಳಿಗಳು ತಾವೇ ಕೂತು ದಂಡ ಗೊತ್ತುಮಾಡಿದ್ದು ಕೆಲಸ ಮಾಡಿತು. ಉಪಗ್ರಹ ಸಾಧನ ಕಟ್ಟಿ ಹಾರಿಬಿಟ್ಟ ಹಕ್ಕಿಗಳಲ್ಲಿ ಒಂದಕ್ಕೆ ಪಾಂಗ್ತಿ ಎಂದೇ ಹೆಸರಿಟ್ಟರು. ಹಕ್ಕಿ ತಿಂದ ಊರಿಗೇ ಜನ ಹಕ್ಕಿ ನೋಡಲು ಬರತೊಡಗಿದರು.

ಚಿಕ್ಕಮಗಳೂರು, ಹಾಸನದಲ್ಲಿ ಆ ಗ್ರಾಮ ಮಂಡಳಿಯ ಜಾಗದಲ್ಲಿ ಯಾರಿದ್ದಾರೆ ಎಂದು ಹುಡುಕಿದರೆ ನನಗೆ ಕಾಣುವುದು ಹೋಂಸ್ಟೇ ಮಾಲೀಕರ ಸಂಘಗಳು ಮತ್ತು ಬೆಳೆಗಾರರ ಸಂಘಗಳು. ಅತಿಥಿಗೆ ನಿರಾಕರಿಸುವ ಶಕ್ತಿ ಅವರಿಗಿದೆ, ಯಾರ ತೋಟದ ಬೇಲಿಯಲ್ಲಿ ತಂತಿ ಇದೆ ಎಂಬುದೂ ಅರಣ್ಯ ಇಲಾಖೆಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಕಾಡುಮಾಂಸ ಬಡಿಸುವುದಿಲ್ಲ ಎಂಬ ಷರತ್ತು ಸೇರಿಸಿ, ಮುರಿದವರ ನೋಂದಣಿ ರದ್ದುಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ವಾರಾಂತ್ಯದ ಮೊದಲು ಒಮ್ಮೆ, ಭತ್ತ ತೆನೆಯೊಡೆಯುವ ಕಾಲದಲ್ಲಿ ಇನ್ನೊಮ್ಮೆ ತೋಟದ ಆಳುಗಳನ್ನೇ ಕರೆದುಕೊಂಡು ಬೇಲಿ ಸುತ್ತಿದರೆ ಉರುಳುಗಳು ಕೈಗೆ ಸಿಗುತ್ತವೆ. ತಂತಿ ಕತ್ತರಿಸುವ ಇಕ್ಕಳಕ್ಕೆ ಒಂದು ಪ್ಲೇಟ್ ಪಂದಿಕರಿಯ ಬೆಲೆಯೂ ಆಗುವುದಿಲ್ಲ.